ಲೆಂಪಿ ಹಕ್ಕರೈನೆನ್ ಆರಿಸಿದ ಸೀಟು

ಲೆಂಪಿ ಹಕ್ಕರೈನೆನ್ ಅವರಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂದು ನಾನು ಬಹುಕಾಲ ತಿಳಿದಿದ್ದೆ. ನಮ್ಮದು ಉತ್ತರದ ಚಳಿದೇಶದ ಟ್ಯಾಂಪೆರೆ ಊರಿನ ಒಂದು ಹಳೆಯ ಕಟ್ಟಡ. ಮೂರನೆಯ ಮಹಡಿಯಲ್ಲಿ ನನ್ನ ಬಾಗಿಲಿಗೆ ಎದುರಾಗಿ ಅವರ ಬಾಗಿಲು. ಬೆಳಿಗ್ಗೆ ನಾನು ಚಿಲಕ ತೆಗೆದು ಕಾಲು ಹೊರಗಿಟ್ಟರೆ ಸಾಕು, ಎದುರಿಗೆ ಆಗತಾನೆ ತೆರೆಯುತ್ತಿದ್ದ ಬಾಗಿಲು ಹಾಗೆಯೇ ಮುಚ್ಚಿಕೊಳ್ಳುತ್ತಿತ್ತು. ಬಾಗಿಲಿನ ಗಾಜಿನ ಕಣ್ಣಿನ ಹಿಂದೆ ಒಂದು ನೆರಳು. ನಾನು ಮೆಟ್ಟಿಲಿಳಿದು ಬೀದಿಗೆ ಬೀಳುವ ತನಕ ಆ ನೆರಳು ಅಲ್ಲಾಡುತ್ತಿರಲಿಲ್ಲ. ನನ್ನ ಮೈಬಣ್ಣವೋ, ನನ್ನ ಅಡುಗೆಯ ಘಾಟೋ ಎಂದು ಕೊರಗಿ, ಒಗ್ಗರಣೆಗೆ ಇಂಗು ಹಾಕುವುದನ್ನೂ ಬಿಟ್ಟುನೋಡಿದೆ. ಬಾಗಿಲು ಮುಚ್ಚಿಕೊಳ್ಳುತ್ತಲೇ ಇತ್ತು. ಕೊನೆಗೊಮ್ಮೆ ನಮ್ಮ ಕಟ್ಟಡದ ಸಮಿತಿಯ ಅಧ್ಯಕ್ಷ ತೌನೊನ ಬಳಿ ಗೋಳು ತೋಡಿಕೊಂಡೆ.

"ಕೋಪಾನಾ? ಅಯ್ಯೋ ಮಾರಾಯ, ಅದು ಮರ್ಯಾದೆ ಕಣೋ!" ಎಂದ ತೌನೊ. "ಮೆಟ್ಟಿಲು ನಿನಗೆ ಬಿಟ್ಟುಕೊಡ್ತಾಳೆ. ಇಬ್ರೂ ಒಟ್ಟಿಗೆ ಇಳಿದ್ರೆ ಚಳಿ ಜಾಸ್ತಿ ಆಯ್ತು, ಕಮ್ಮಿ ಆಯ್ತು ಅಂತ ಏನಾದ್ರೂ ಮಾತಾಡಬೇಕಲ್ಲ? ಅದರಿಂದ ನಿನ್ನನ್ನ ಪಾರು ಮಾಡ್ತಿದ್ದಾಳೆ. ನಾನೂ ಅದೇ ಮಾಡೋದು."

"ನೀನೂನಾ?"

"ನೀನು ಬಂದ ದಿನದಿಂದ. ನೀನು ಗಮನಿಸಿಲ್ಲ, ಅಷ್ಟೆ."

ನಾನು ಮತ್ತೆ ಇಂಗು ಹಾಕತೊಡಗಿದೆ.

ಲೆಂಪಿ ಕಾಗದದ ಕಾರ್ಖಾನೆಯಲ್ಲಿ ಕ್ರೇನು ನಡೆಸುತ್ತಿದ್ದವರು. ಕಾರ್ಖಾನೆಯ ಸೂರಿಗೆ ತಗುಲಿಕೊಂಡಂತಿದ್ದ ಗಾಜಿನ ಗೂಡಿಗೆ ಏಣಿ ಹತ್ತಿ ಹೋಗಿ, ಆನೆಮರಿಯಷ್ಟು ದಪ್ಪದ ಕಾಗದದ ಸುರುಳಿಗಳನ್ನು ಎತ್ತಿ ಇಳಿಸಿ, ಸಂಜೆ ಏಣಿ ಇಳಿದು ಮನೆಗೆ ಬರುವುದು. ಗೂಡಿನಲ್ಲಿ ಇದ್ದದ್ದು ಒಂದೇ ಕುರ್ಚಿ. ಆಯುಷ್ಯದ ದೊಡ್ಡ ಭಾಗವನ್ನು ಪಕ್ಕದಲ್ಲಿ ಯಾರೂ ಇಲ್ಲದ ಕುರ್ಚಿಯಲ್ಲಿ ಕಳೆದರು ಎನ್ನಬಹುದು. ಮದುವೆಯಾಗಿದ್ದರು, ಗಂಡ ತೀರಿಕೊಂಡಿದ್ದಾರೆ. ಅವರೂ ಹೆಚ್ಚು ಮಾತಿನವರಲ್ಲವಂತೆ. "ಒಳ್ಳೆಯವನು. ಸುಮ್ಮನೆ ಇರ್ತಿದ್ದ" ಎಂದು ಒಮ್ಮೆ ಹೇಳಿದ್ದರು. ಇಲ್ಲಿಯ ಲೆಕ್ಕದಲ್ಲಿ ಅದು ದೊಡ್ಡ ಪ್ರಶಸ್ತಿ. ಈ ಊರಿನಲ್ಲಿ ಪರಿಚಯದವರನ್ನು ಹೆಸರು ಹಿಡಿದು ಏಕವಚನದಲ್ಲಿ ಮಾತಾಡುವುದೇ ಸಭ್ಯತೆ. ಬರೆಯುವಾಗ ಮಾತ್ರ ನನ್ನ ಕೈ ಎಪ್ಪತ್ತು ದಾಟಿದ ಹೆಂಗಸಿನ ಬಹುವಚನವನ್ನು ಬಿಡಲೊಲ್ಲದು.

ಮೇ ತಿಂಗಳಿನಲ್ಲಿ ನಮ್ಮ ಕಟ್ಟಡದವರೆಲ್ಲ ಸೇರಿ ಅಂಗಳ ಗುಡಿಸುವ ದಿನವೊಂದಿದೆ. ವರ್ಷವಿಡೀ ಒಬ್ಬರಿಗೊಬ್ಬರು ಮೆಟ್ಟಿಲು ಬಿಟ್ಟುಕೊಟ್ಟವರು ಆವೊತ್ತು ಕುಂಟೆ ಹಿಡಿದು ಹಳೆಯ ಎಲೆ ಗುಡ್ಡೆ ಹಾಕಿ, ಕೆಂಡದ ಮೇಲೆ ಸುಟ್ಟ ಸಾಸೇಜನ್ನು ನಿಂತಲ್ಲೇ ತಿಂದು, ಮತ್ತೆ ಒಂದು ವರ್ಷಕ್ಕೆ ಬಾಗಿಲು ಹಾಕಿಕೊಳ್ಳುತ್ತಾರೆ. ಹೋದ ವರ್ಷದ ಆ ದಿನ ಲೆಂಪಿ ಕುಂಟೆಯ ಸಮೇತ ನೇರವಾಗಿ ನನ್ನ ಬಳಿ ಬಂದರು. ಎಡಗಾಲನ್ನು ತುಸು ಎಳೆದು ಹಾಕುತ್ತಿದ್ದರು.

"ನೀನು ವಿಮಾನದಲ್ಲಿ ದೂರ ದೂರ ಹೋಗ್ತಿರ್ತೀಯ."

"ಹೌದು, ವರ್ಷಕ್ಕೊಂದು ಸಲ ಊರಿಗೆ..."

"ಅಗ್ಗದ ಟಿಕೆಟಲ್ಲಿ ಒಳ್ಳೆ ಸೀಟು ಯಾವುದು?"

ಜೀವಮಾನದಲ್ಲಿ ನನಗೆ ಯಾರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ನಾನು ಕುಂಟೆಯನ್ನು ಬೇಲಿಗೆ ಒರಗಿಸಿ, ಗಂಟಲು ಸರಿಮಾಡಿಕೊಂಡು, ರೆಕ್ಕೆಯ ಹತ್ತಿರದ ಸೀಟು ಕಮ್ಮಿ ಕುಲುಕುತ್ತದೆ ಎಂಬಲ್ಲಿಂದ ಶುರುಮಾಡಿದೆ. ಕಟ್ಟಕಡೆಯ ಸಾಲಿನ ಬೆನ್ನು ಹಿಂದಕ್ಕೆ ಬಾಗುವುದಿಲ್ಲ, ಜೊತೆಗೆ ಕಕ್ಕಸಿನ ಸಾಲು ನಿಮ್ಮ ತಲೆಯ ಮೇಲೇ ನಿಲ್ಲುತ್ತದೆ. ಗೋಡೆಯ ಎದುರಿನ ಸಾಲಿನಲ್ಲಿ ಕಾಲಿಗೆ ಜಾಗವುಂಟು, ಆದರೆ ಹಸುಗೂಸುಗಳ ತೊಟ್ಟಿಲನ್ನು ನೇತುಹಾಕುವುದೂ ಅಲ್ಲೇ. ತುರ್ತು ಬಾಗಿಲ ಪಕ್ಕ ಕಾಲು ಚಾಚಬಹುದು, ಆದರೆ ಬಾಗಿಲ ಸಂದಿಯಿಂದ ಪಾದ ಕೊರೆಯುತ್ತದೆ, ಆಪತ್ತು ಬಂದರೆ ನೀವೇ ಬಾಗಿಲು ಕಿತ್ತು ಮಿಕ್ಕವರನ್ನು ದಾಟಿಸಬೇಕು. ಕೆಲವು ಸೀಟುಗಳ ಅಡಿಯಲ್ಲಿ ಒಂದು ಕಬ್ಬಿಣದ ಡಬ್ಬಿ ಇರುತ್ತದೆ, ಅಲ್ಲಿ ಕೂತವರಿಗೆ ಒಂದೇ ಕಾಲು ಇದ್ದರೆ ಅನುಕೂಲ. ಕಿಟಕಿ...

"ಮುಂದೆ! ಮುಂದೆ ಕೂತ್ಕೋಬೇಕು!" ಎಂದು ಸಾಸೇಜು ಹಿಡಿದ ತೌನೊ ನಡುವೆ ತೂರಿಬಂದ. ಪ್ರತಿ ಚಳಿಗಾಲವೂ ಬಿಸಿಲು ಕಾಯಲು ತೆನೆರಿಫ್ ದ್ವೀಪಕ್ಕೆ ಹೋಗಿಬರುವುದರಿಂದ ಆಕಾಶದ ಆ ಕಡೆಯ ಭಾಗ ತನ್ನದೆಂದು ಅವನ ಭಾವನೆ. "ಮುಂದೆ ಕೂತ್ರೆ ಊಟ ಮೊದಲು ಬರುತ್ತೆ. ಹಿಂದಿನವರಿಗೆ ಬರೀ ಪಾಸ್ತಾ ಉಳಿದಿರುತ್ತೆ."

"ತೆನೆರಿಫ್ ಏನು ದೂರ? ಕಣ್ಣು ಮುಚ್ಚಿ ಬಿಡೋದರಲ್ಲಿ ಬರುತ್ತೆ. ದೂರದ ಪ್ರಯಾಣದ ಶಾಸ್ತ್ರವೇ ಬೇರೆ" ಎಂದೆ ನಾನು.

"ಎಲ್ಲಿಗೆ ಹೋದ್ರೂ ಕೂರೋದು ಅಂಡಿನ ಮೇಲೇ ತಾನೆ?"

ನಾವಿಬ್ಬರೂ ಹೀಗೆ ಆಕಾಶವನ್ನು ಹಂಚಿಕೊಳ್ಳುತ್ತಿರುವಾಗ ಲೆಂಪಿ ಕುಂಟೆಗೆ ಸಿಕ್ಕಿದ ಎಲೆಗಳನ್ನು ಒಂದೊಂದಾಗಿ ಬಿಡಿಸುತ್ತ ನಿಂತಿದ್ದರು. ಆಮೇಲೆ ಹೇಳಿದರು:

"ಹೋದ ಶರತ್ಕಾಲದಲ್ಲಿ ನನ್ನ ಎಡಗಾಲಿನ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮತ್ತೆ ಹಾಗಾಗಿ, ಅದು ಮೇಲಕ್ಕೆ ಶ್ವಾಸಕೋಶಕ್ಕೆ ಹೋದ್ರೆ ಮುಗೀತು. ಡಾಕ್ಟರು ಗಂಟೆಗೊಂದು ಸಲ ಎದ್ದು ಓಡಾಡೋದಾದ್ರೆ ಹೋಗು, ಇಲ್ಲಾಂದ್ರೆ ಬೇಡ ಅಂದಿದ್ದಾರೆ. ಸಿಂಗಪುರದ ತನಕವೇ ಅರ್ಧ ದಿನಕ್ಕಿಂತ ಜಾಸ್ತಿ. ಅಲ್ಲಿಂದ ಇನ್ನೊಂದು ವಿಮಾನ."

ತೌನೊ ಸಾಸೇಜು ಅಗಿಯುವುದನ್ನು ನಿಲ್ಲಿಸಿದ.

"ಹೋಗಲೇಬೇಕಾ?" ಎಂದೆ.

ಹೋಗಲೇಬೇಕಿತ್ತು. ಅಕ್ಕ ಮಾರ್ತ್ತಾ, ಲೆಂಪಿ ಇನ್ನೂ ಶಾಲೆಯಲ್ಲಿದ್ದಾಗಲೇ, ಕಬ್ಬು ಕಡಿಯುವ ಕೆಲಸ ಹಿಡಿದ ಗಂಡನ ಹಿಂದೆ ಆಸ್ಟ್ರೇಲಿಯಾಕ್ಕೆ ಹೋದವರು. ಅಮ್ಮನನ್ನು ಮಣ್ಣು ಮಾಡಲು ಒಮ್ಮೆ ಬಂದುಹೋದದ್ದೇ ಕೊನೆ. ಈಗ ಆಕೆಗೆ ಎಂಬತ್ತು ದಾಟಿದೆ, ಹೃದಯ ಸೋಲುತ್ತಿದೆ. ಚಳಿಗಾಲದಲ್ಲಿ ಫೋನು ಮಾಡಿ, "ನನ್ನ ಸಾವಿಗೆ ಹೂವು ಕಳಿಸಬೇಡ. ಬಾಗಿಲು ನಾನೇ ತೆಗೆಯೋ ಹಾಗಿರುವಾಗ ಬಾ" ಎಂದಿದ್ದರಂತೆ.

ನನ್ನ ರೆಕ್ಕೆ, ತೊಟ್ಟಿಲು, ಕಬ್ಬಿಣದ ಡಬ್ಬಿಗಳೆಲ್ಲ ನನಗೇ ನಾಚಿಕೆಯಾಗುವಷ್ಟು ಹಗುರಾದವು.

ಆಮೇಲಿನ ವಾರಗಳಲ್ಲಿ ಸೀಟಿನ ಸಮಾಲೋಚನೆ ನಮ್ಮ ಕಟ್ಟಡದ ನೆಲಮಾಳಿಗೆಯ ಸಾರ್ವಜನಿಕ ಕೋಣೆಯಲ್ಲಿ ನಡೆಯಿತು. ಸೌನಾ ಎಂಬ ಹಬೆಸ್ನಾನದ ಮನೆಯ ಪಕ್ಕದ ಕೋಣೆ ಅದು, ಬರ್ಚ್ ಎಲೆ ಮತ್ತು ಒದ್ದೆ ಟವೆಲ್ಲಿನ ವಾಸನೆ. ಲೆಂಪಿ ಫ್ಲಾಸ್ಕಿನಲ್ಲಿ ಕಾಫಿ, ಏಲಕ್ಕಿ ಹಾಕಿದ ಬನ್ನು ತರುತ್ತಿದ್ದರು. ನಾನು ಕಂಪ್ಯೂಟರಿನಲ್ಲಿ ವಿಮಾನದ ನಕ್ಷೆ ಬಿಡಿಸಿಡುತ್ತಿದ್ದೆ: ಕಿಟಕಿಯ ಕಡೆ ಮೂರು, ಓಣಿ, ನಡುವೆ ಮೂರು, ಓಣಿ, ಆ ಕಡೆ ಮೂರು. ಮೊದಲು ಎದ್ದ ತೊಡಕು ನನಗೆ ಹೊಳೆದೇ ಇರಲಿಲ್ಲ.

"ಕಿಟಕಿ ಆಗಲ್ಲ" ಎಂದರು ಲೆಂಪಿ. "ಏಳಬೇಕಾದಾಗೆಲ್ಲ ಪಕ್ಕದ ಇಬ್ಬರಿಗೆ ತೊಂದರೆ."

"ಅದಕ್ಕೇನು, ಕ್ಷಮಿಸಿ, ಸ್ವಲ್ಪ ಜಾಗ ಬಿಡಿ ಅಂದ್ರಾಯ್ತು."

ಲೆಂಪಿ ನನ್ನನ್ನು, ಚರ್ಚಿನಲ್ಲಿ ಸೀಟಿ ಹೊಡೆಯಲು ಹೇಳಿದವನನ್ನು ನೋಡುವಂತೆ ನೋಡಿದರು. ತೌನೊ ಅಧ್ಯಕ್ಷನಲ್ಲವೇ, ಅಭ್ಯಾಸ ಮಾಡಿಸಿಯೇಬಿಡೋಣ ಎಂದ. ಮೂರು ಕುರ್ಚಿ ಸಾಲಾಗಿ ಇಟ್ಟು, ಗೋಡೆಯ ಕಡೆ ಲೆಂಪಿಯನ್ನು ಕೂರಿಸಿ, ಓಣಿಯ ಕಡೆ ತಾನು ಕೂತು, ಟೋಪಿಯನ್ನು ಮುಖಕ್ಕೆಳೆದುಕೊಂಡು ನಿದ್ದೆಯ ನಟನೆ ಮಾಡಿದ.

"ಈಗ ಹೇಳು" ಎಂದೆ.

ಲೆಂಪಿ ಬಾಯಿ ತೆರೆದರು. ಮುಚ್ಚಿದರು. ಕುತ್ತಿಗೆ ಕೆಂಪಾಯಿತು.

"ನಿದ್ದೆ ಮಾಡ್ತಿದ್ದಾನಲ್ಲ."

"ನಾನು ತೌನೊ ಕಣೇ! ನಾಟಕ ಮಾಡ್ತಿದ್ದೀನಿ!" ಎಂದಿತು ಟೋಪಿ.

"ನಾಟಕ ಮಾಡೋರನ್ನ ಎಬ್ಬಿಸೋದು ಇನ್ನೂ ಕಷ್ಟ."

ನಾವು ಕಾಯುತ್ತ ಕೂತೆವು. ಲೆಂಪಿ ಒಳಗೊಳಗೇ ಮಾತನ್ನು ಜೋಡಿಸಿಕೊಳ್ಳುತ್ತಿರುವುದು ತುಟಿಯಲ್ಲಿ ಕಾಣುತ್ತಿತ್ತು, ಹೊರಗೆ ಬರಲಿಲ್ಲ. ಅಷ್ಟರಲ್ಲಿ ತೌನೊನ ಗೊರಕೆ ನಿಜವಾಗಿಯೇ ಶುರುವಾಯಿತು. ಲೆಂಪಿ ಕುರ್ಚಿಗಳ ಹಿಂದಿನಿಂದ ಸುತ್ತಿ ಹೊರಬಂದು, ಫ್ಲಾಸ್ಕು ಎತ್ತಿಕೊಂಡು, ತುದಿಗಾಲಲ್ಲಿ ಹೋಗಿ ದೀಪ ಆರಿಸಿದರು. ಅಧ್ಯಕ್ಷನನ್ನು ಅಲ್ಲೇ ಬಿಟ್ಟು ನಾವಿಬ್ಬರೂ ಮೇಲೆ ಹತ್ತಿದೆವು.

ಹಾಗಾಗಿ ಹುಡುಕಬೇಕಾದದ್ದು ಬಾಯಿ ತೆರೆಯುವ ಅಗತ್ಯವೇ ಬೀಳದ ಸೀಟನ್ನು. ನಡುವಿನ ಮೂರರಲ್ಲಿ ಓಣಿಯ ಕಡೆಯದು. ಏಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ನಟ್ಟನಡುವೆ ಕೂತವರಿಗೆ ಎರಡು ಓಣಿ ಇರುವುದರಿಂದ ಅವರ ಕಾಟವೂ ಅರ್ಧ. ಎಡಗಾಲನ್ನು ಓಣಿಗೆ ಚಾಚಲು ಎಡತುದಿ. ಕಕ್ಕಸಿಗೆ ಹತ್ತಿರ, ಆದರೆ ಸಾಲು ನಿಲ್ಲುವಷ್ಟು ಹತ್ತಿರವಲ್ಲ. ಹೀಗೆ ಸೋಸಿ ಸೋಸಿ ಹಿಂಭಾಗದಲ್ಲಿ ಒಂದು ಸೀಟಿಗೆ ಬಂದು ನಿಂತೆವು: ಮೂವತ್ತೇಳನೆಯ ಸಾಲು, ಡಿ. ದುಡ್ಡು ಕಟ್ಟಿ ಅದನ್ನು ಗುರುತು ಹಾಕಿಸಿದ ಮೇಲೂ ಲೆಂಪಿ ನಿತ್ಯ ಬಂದು ನಕ್ಷೆ ನೋಡುತ್ತಿದ್ದರು, ಹೊಲದಲ್ಲಿ ಮೊಳಕೆ ಎದ್ದಿತೋ ಎಂದು ನೋಡುವವರ ಹಾಗೆ. ದಿನದಿಂದ ದಿನಕ್ಕೆ ಸೀಟುಗಳು ತುಂಬುತ್ತಿದ್ದವು. ಒಬ್ಬರು, ಒಂದು ಖಾಲಿ, ಒಬ್ಬರು, ಒಂದು ಖಾಲಿ. ಚಳಿಗಾಲದ ಬಸ್‌ನಿಲ್ದಾಣದಲ್ಲಿ ನಿಂತವರ ಹಾಗೆ.

"ಎಲ್ಲ ನಮ್ಮವರೇ" ಎಂದರು ಲೆಂಪಿ ಸಮಾಧಾನದಿಂದ. ಮರುಕ್ಷಣವೇ, "ವಿಮಾನವನ್ನೇ ಬದಲಾಯಿಸಿಬಿಟ್ರೆ?" ಎಂದರು.

"ಬದಲಾಯಿಸಲ್ಲ."

"ಬದಲಾಯಿಸಿದ್ರೆ?"

"ಹೊಸದಾಗಿ ಹುಡುಕೋಣ."

"ಅಷ್ಟು ಹೊತ್ತಿಗೆ ನಡುವಿನವೇ ಉಳಿದಿರ್ತವೆ." ಬನ್ನನ್ನು ಮುರಿದರು, ತಿನ್ನಲಿಲ್ಲ. "ನಡುವೆ ಕೂತು ಸಾಯೋದು ಬೇಡ. ಹೊರಗೆ ಎತ್ತೋರಿಗೂ ಕಷ್ಟ."

ಅದೇ ಸಮಯಕ್ಕೆ ಸಿಂಗಪುರದಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಹೊಸಮನೆಗೆ ಹಾಲು ಉಕ್ಕಿಸುವವಳಿದ್ದಳು. ನಾನೂ ಅದೇ ವಿಮಾನ ಹಿಡಿದೆ. ಇನ್ನು ಚಿಂತೆ ಯಾಕೆ, ಪರಿಹಾರ ಕೈಯಲ್ಲೇ ಇದೆ ಎಂದು ಎದೆ ಉಬ್ಬಿಸಿ ಹೋಗಿ ಹೇಳಿದೆ: "ನಿನ್ನ ಪಕ್ಕ ನಾನೇ ಕೂರ್ತೀನಿ, ಲೆಂಪಿ!"

"ಬೇಡ."

"ಯಾಕೆ?"

"ಪರಿಚಯ ಇರೋರು ಪಕ್ಕ ಕೂತ್ರೆ ಮಾತಾಡಬೇಕು. ಅಷ್ಟು ದೂರಕ್ಕೆ ಆಗೋಷ್ಟು ಮಾತು ನನ್ನ ಹತ್ರ ಇಲ್ಲ."

ಕೊನೆಗೆ ಎರಡು ಸಾಲು ಹಿಂದೆ, ಓಣಿಯ ಆಚೆ ಕೂರಲು ನನಗೆ ಅನುಮತಿ ಸಿಕ್ಕಿತು.

ಹೊರಡುವ ದಿನ ಲೆಂಪಿ ನನಗಿಂತ ಮೊದಲೇ ವಿಮಾನ ಹತ್ತಿದರು. ನಾನು ಕೈಚೀಲ ಎಳೆದುಕೊಂಡು ಮೂವತ್ತೇಳನೆಯ ಸಾಲಿಗೆ ಬಂದು ಗಕ್ಕನೆ ನಿಂತೆ. ಡಿ ಸೀಟಿನಲ್ಲಿ ಒಬ್ಬ ಬೋಳುತಲೆಯ ದಪ್ಪ ಮನುಷ್ಯ. ಕಣ್ಣಿಗೆ ಕಪ್ಪು ಪಟ್ಟಿ, ಕಾಲಿಗೆ ಮನೆಯಲ್ಲಿ ಹೆಣೆದ ಉಣ್ಣೆಯ ಕಾಲುಚೀಲ. ಆ ತುದಿಯಲ್ಲಿ ಕಂಬಳಿಯನ್ನು ತಲೆಯ ಮೇಲೆ ಹೊದ್ದು ಮಲಗಿದ್ದ ಒಬ್ಬ ಹುಡುಗಿ. ಇಬ್ಬರ ನಡುವೆ, ಮೊಣಕೈಗಳನ್ನು ಹೊಟ್ಟೆಗೆ ಒತ್ತಿಕೊಂಡು, ಲೆಂಪಿ.

"ಲೆಂಪಿ! ಇದು ನಿನ್ನ ಸೀಟಲ್ಲ!"

"ಶ್!"

"ನಿನ್ನದು ಅದು! ಅವರು ಕೂತಿರೋದು!"

"ಗೊತ್ತು. ನಾನು ಬರೋ ಹೊತ್ತಿಗೆ ಕೂತುಬಿಟ್ಟಿದ್ರು."

"ಹೇಳಬೇಕಿತ್ತಲ್ಲ!"

"ಷೂ ಬಿಚ್ಚಿಬಿಟ್ಟಿದ್ರು" ಎಂದರು ಲೆಂಪಿ, ಅದಕ್ಕಿಂತ ಹೆಚ್ಚಿನ ಸಾಕ್ಷಿ ಯಾವ ಕೋರ್ಟಿಗೂ ಬೇಡ ಎಂಬಂತೆ.

ಇಷ್ಟು ವಾರ ಹಗಲಿರುಳು ಹುಡುಕಿದ ಸೀಟು! ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಜನ ಒತ್ತಿದರು. ಸಾಲು ಮುಂದೆ ಸಾಗಬೇಕಿತ್ತು. ವಿಮಾನ ಮೇಲೇರಿತು. ಊಟ ಬಂತು, ಹಿಂದಿನವರಿಗೆ ಪಾಸ್ತಾವೇ ಉಳಿದಿತ್ತು. ತೌನೊ ಗೆದ್ದ. ತಟ್ಟೆಗಳನ್ನು ಒಯ್ದರು, ದೀಪ ಮಂಕಾಯಿತು. ನಾನು ಲೆಂಪಿಯ ಬಿಳಿಯ ತುರುಬನ್ನೇ ನೋಡುತ್ತ ಕೂತೆ. ಒಂದು ಗಂಟೆಯಾಯಿತು. ತುರುಬು ಅಲ್ಲಾಡಲಿಲ್ಲ. ಬೋಳುತಲೆಯೂ ಅಲ್ಲಾಡಲಿಲ್ಲ. ನನ್ನ ಕಾಲುಗಳೇ ಜೋಮು ಹಿಡಿದಂತಾಗಿ, ನಾನು ಎದ್ದು ಓಡಾಡಿ ಬಂದೆ. ನಾನು ಓಡಾಡಿದರೆ ಅವರ ರಕ್ತ ಹರಿಯುತ್ತದೆಯೇ? ಆದರೂ ಓಡಾಡಿದೆ.

ಗುಂಡಿ ಒತ್ತಿ ಗಗನಸಖಿಯನ್ನು ಕರೆದೆ. ಕಾಲಿನ ಕತೆ, ಡಾಕ್ಟರ ಮಾತು, ಸೀಟಿನ ಅದಲುಬದಲು ಎಲ್ಲ ಪಿಸುದನಿಯಲ್ಲಿ ಹೇಳಿದೆ. ಆಕೆ ಗಂಭೀರವಾಗಿ ಹೋಗಿ ಬಾಗಿ, "ನಿಮಗೆ ಏನಾದ್ರೂ ತೊಂದರೆ ಆಗ್ತಿದೆಯಾ?" ಎಂದು ಕೇಳಿದಳು.

"ಇಲ್ಲ" ಎಂದರು ಲೆಂಪಿ.

"ಸೀಟು ಬದಲಾಯಿಸಿಕೊಡಲಾ? ಈಗಲೇ ಇವರನ್ನ..."

"ಅವರು ಮಲಗಿದ್ದಾರೆ. ನಾನು ಚೆನ್ನಾಗಿದ್ದೀನಿ."

ಗಗನಸಖಿ ವಾಪಸು ಬಂದು ನನಗೆ ವರದಿ ಒಪ್ಪಿಸಿದಳು: "ಚೆನ್ನಾಗಿದ್ದಾರಂತೆ." ಈ ದೇಶದಲ್ಲಿ ಚೆನ್ನಾಗಿದ್ದೇನೆ ಎಂದವರನ್ನು ಎರಡನೆಯ ಸಲ ಕೇಳುವುದು ಅವಮಾನ ಮಾಡಿದಂತೆ. ಅವಳೂ ಇದೇ ನೆಲದವಳು, ಕೇಳಲಾರಳು.

ಎರಡನೆಯ ಗಂಟೆಯೂ ಕಳೆಯುತ್ತ ಬಂತು. ಲೆಂಪಿ ಕೆಳಗೆ ಬಾಗಿ ಎಡಗಾಲಿನ ಮೀನಖಂಡವನ್ನು ಒತ್ತಿಕೊಳ್ಳುವುದು ಕಂಡಿತು. ಸ್ವಲ್ಪ ಹೊತ್ತಿಗೆ ಮತ್ತೆ. ಆಮೇಲೆ ಮತ್ತೆ. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಆ ಮನುಷ್ಯನ ಭುಜ ತಟ್ಟಲು ಕೈ ನೀಡಿದೆ. ನೀಡಿದ ಕೈ ಗಾಳಿಯಲ್ಲಿ ನಿಂತಿತು. ಭುಜಕ್ಕೂ ಬೆರಳಿಗೂ ನಡುವೆ ಒಂದು ಗೇಣು. ಇಳಿಯಲೊಲ್ಲದು. ನಮ್ಮ ಊರಿನ ಬಸ್ಸಿನಲ್ಲಾಗಿದ್ದರೆ, "ಸ್ವಾಮೀ, ಏಳಿ ಮೇಲಕ್ಕೆ, ಹೆಂಗಸರ ಸೀಟು" ಎಂದು ಇಷ್ಟು ಹೊತ್ತಿಗೆ ಇಡೀ ಬಸ್ಸನ್ನೇ ಎಬ್ಬಿಸಿರುತ್ತಿದ್ದೆ. ಇಲ್ಲಿ ಇಪ್ಪತ್ತು ಚಳಿಗಾಲ ಕಳೆದವನ ಕೈಯೂ ಹೆಪ್ಪುಗಟ್ಟಿತ್ತು. ಲೆಂಪಿ ಕಣ್ಣಲ್ಲೇ ಹೋಗು ಎಂದರು. ನಾನು ಮೇಲಿನ ಪೆಟ್ಟಿಗೆಯಲ್ಲಿ ಏನನ್ನೋ ಹುಡುಕುವವನ ಹಾಗೆ ನಟಿಸಿ ಹಿಂದಿರುಗಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಒಂದು ಮನೆಗೆ ಫೋನು ಮಾಡಿ, ನಿಮ್ಮ ತಂಗಿ ಬರುವುದಿಲ್ಲ, ಸೀಟು ಆರಿಸಿಕೊಟ್ಟವನು ನಾನೇ ಎಂದು ಹೇಳುವ ಮಾತು ಮನಸ್ಸಿನಲ್ಲಿ ತಾನೇ ತಾನಾಗಿ ಜೋಡಣೆಯಾಗುತ್ತಿತ್ತು.

ಆಗ ಬಿಳಿಯ ತುರುಬು ಮೇಲೆದ್ದಿತು.

ಲೆಂಪಿ ಸೀಟಿನ ಮೇಲೆಯೇ ಎದ್ದು ನಿಂತಿದ್ದರು. ಷೂ ಕಳಚಿ ಒಂದು ಕೈಯಲ್ಲಿ ಹಿಡಿದಿದ್ದರು. ಇನ್ನೊಂದು ಕೈಯಿಂದ ಮುಂದಿನ ಸೀಟಿನ ತಲೆ ಹಿಡಿದು, ಬಲಗಾಲನ್ನು ಕೈಯೊರಗಿನ ಮೇಲಿಟ್ಟು, ಎಡಗಾಲನ್ನು ಆ ಮನುಷ್ಯನ ಹೊಟ್ಟೆಯ ಮೇಲಿನಿಂದ, ಬಟ್ಟೆಯ ಅಂಚೂ ತಾಗದಂತೆ, ಆಚೆಯ ಕೈಯೊರಗಿಗೆ ದಾಟಿಸಿದರು. ಏಣಿ ಹತ್ತಿದ ಕಾಲು. ಹೊರೆಯನ್ನು ಜನರ ತಲೆಯ ಮೇಲೆ ತೂಗಾಡಿಸುತ್ತಲೇ ಯಾರಿಗೂ ಸೋಂಕದಂತೆ ಸಾಗಿಸಿದವರ ಲೆಕ್ಕಾಚಾರ. ಈಗ ಹೊರೆಯೂ ಅವರೇ, ಕ್ರೇನೂ ಅವರೇ. ನಾನು ಎದ್ದು ನಿಂತಿದ್ದೆ. ಹಿಂದಿನ ಸಾಲಿನಲ್ಲಿ ಎಚ್ಚರವಾಗಿದ್ದ ಮೂವರು ಏನೂ ಕಾಣದವರ ಹಾಗೆ ತಮ್ಮ ಪರದೆಗಳನ್ನು ನೋಡುತ್ತಿದ್ದರು.

ಅಷ್ಟರಲ್ಲಿ ವಿಮಾನ ಒಮ್ಮೆ ಕುಲುಕಿತು.

ಲೆಂಪಿ ಬೀಳಲಿಲ್ಲ, ಅಲ್ಲೇ ನಿಂತುಬಿಟ್ಟರು, ಒಂದು ಕಾಲು ಈ ಕಡೆ, ಒಂದು ಕಾಲು ಆ ಕಡೆ. ಕೆಳಗಿನ ಮನುಷ್ಯ ಕಣ್ಣಿನ ಪಟ್ಟಿಯನ್ನು ನಿಧಾನವಾಗಿ ಹಣೆಗೆ ಸರಿಸಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನಿದ್ದೆ ಕೆಡಿಸಿದೆ" ಎಂದರು ಲೆಂಪಿ ಮೇಲಿನಿಂದ.

"ಇಲ್ಲ" ಎಂದ ಆತ ಕೆಳಗಿನಿಂದ. "ನಾನು ಮಲಗೇ ಇಲ್ಲ."

"ಯಾವಾಗಿನಿಂದ?"

"ಮೊದಲಿನಿಂದ." ಬೋಳುತಲೆ ಕೆಂಪಗಾಯಿತು. "ಇದು ನಿಮ್ಮ ಸೀಟು. ನೀವು ಬಂದು ಕೂತ ಮೇಲೆ ಟಿಕೆಟ್ ನೋಡ್ಕೊಂಡೆ. ಅಷ್ಟರಲ್ಲಿ ನೀವು ಬೆಲ್ಟು ಹಾಕಿಬಿಟ್ಟಿದ್ರಿ. ನಾನು ಎದ್ರೆ ನಿಮ್ಮನ್ನೂ ಏಳಿಸಬೇಕಲ್ಲ, ತೊಂದರೆ ಅಂತ..."

"ಆಮೇಲೆ?"

"ಆಮೇಲೆ ನಾಚಿಕೆ ಆಯ್ತು. ಪಟ್ಟಿ ಕಟ್ಕೊಂಡೆ." ಸ್ವಲ್ಪ ತಡೆದು ಸೇರಿಸಿದ: "ನನಗೂ ಎದ್ದು ಹೋಗಬೇಕಾಗಿತ್ತು. ಕಕ್ಕಸಿಗೆ. ಊಟಕ್ಕೆ ಮುಂಚಿನಿಂದ. ಎದ್ರೆ ಎಚ್ಚರ ಇದ್ದದ್ದು ಗೊತ್ತಾಗಿಬಿಡುತ್ತಲ್ಲ."

"ಹಾಗಾದ್ರೆ ಅಲ್ಲಾಡಬೇಡಿ. ಮೊದಲು ನಾನು ಇಳೀತೀನಿ" ಎಂದರು ಲೆಂಪಿ.

ಇಳಿದರು. ಆತ ಗುಂಡಿನಂತೆ ಕಕ್ಕಸಿನ ಕಡೆ ಓಡಿದ. ಲೆಂಪಿ ಓಣಿಯ ಕೊನೆಯ ಪರದೆಯ ಬಳಿ ಗೋಡೆಗೆ ಒರಗಿ ನಿಂತು ಕಾಲನ್ನು ಒತ್ತಿದರು. ನಾನು ಹತ್ತಿರ ಹೋದೆ. ಮುಖದಲ್ಲಿ ರಕ್ತವಿರಲಿಲ್ಲ.

"ಹೇಗಿದೆ?"

"ಬಿಗಿಯಾಗಿದೆ." ಮತ್ತೊಮ್ಮೆ ಒತ್ತಿ ನೋಡಿದರು. "ಹೋದ ಸಲವೂ ಹೀಗೇ ಶುರುವಾಗಿತ್ತು."

"ಡಾಕ್ಟರು ಯಾರಾದ್ರೂ ಇದ್ದಾರಾ ಅಂತ ಕೇಳಿಸಲಾ?"

"ಮೊದಲು ನಡೀತೀನಿ."

ನಡೆದರು. ಓಣಿಯ ಆ ತುದಿಯಿಂದ ಈ ತುದಿಗೆ, ಮಲಗಿದವರ ಚಾಚಿದ ಪಾದಗಳನ್ನು ತಪ್ಪಿಸುತ್ತ. ನಾನು ಹಿಂದೆ ಹಿಂದೆ. ಪ್ರತಿ ಸುತ್ತಿಗೂ ನಿಂತು, ಕಾಲು ಒತ್ತಿ, ಮುಂದೆ ಸಾಗುತ್ತಿದ್ದರು. ಗಗನಸಖಿ ನೀರು ಕೊಟ್ಟಳು. ಕುಡಿದು ಮತ್ತೆ ನಡೆದರು. ನಾನು ಎಷ್ಟು ದೇವರಿಗೆ ಹರಕೆ ಹೊತ್ತೆನೋ, ಕೆಲವರ ಹೆಸರನ್ನು ನಾನು ಬಾಯಿಗೆ ತಂದು ವರ್ಷಗಳೇ ಆಗಿದ್ದವು. ಎಷ್ಟೋ ಹೊತ್ತಿನ ಮೇಲೆ ಲೆಂಪಿ ನಿಂತು, ಬೆರಳಿನಿಂದ ಮೀನಖಂಡವನ್ನು ಚುಚ್ಚಿ ನೋಡಿ, "ಸಡಿಲವಾಯ್ತು" ಎಂದರು. ನಾನು ಹತ್ತಿರದ ಖಾಲಿ ಸೀಟಿನಲ್ಲಿ ಕುಸಿದು ಕೂತೆ.

ಸೀಟು ಅದಲುಬದಲಾಯಿತು. ಬೋಳುತಲೆಯ ಮನುಷ್ಯ ಉಣ್ಣೆಯ ಕಾಲುಚೀಲ ಸಮೇತ ನಡುವಿಗೆ ಸರಿದ. ಆಮೇಲೆ ನಡೆದದ್ದನ್ನು ನೋಡುತ್ತ ನನಗೆ ನಿದ್ದೆಯೇ ಬರಲಿಲ್ಲ. ಗಂಟೆ ಆಗುತ್ತಿದ್ದಂತೆ ಲೆಂಪಿ ಏಳುವರು. ಅದನ್ನೇ ಕಾಯುತ್ತಿದ್ದವನಂತೆ ಆತನೂ ಏಳುವನು, ಕೇಳದೆಯೇ ದಾರಿ ಸಿಕ್ಕಿತಲ್ಲ. ಇಬ್ಬರೂ ಹಿಂದಿನ ಪರದೆಯ ತನಕ ನಡೆದು, ಅಲ್ಲಿ ಒಂದು ಮಾರು ದೂರ ಬಿಟ್ಟು ನಿಂತು, ಒಬ್ಬರು ಈ ಗೋಡೆ ಒಬ್ಬರು ಆ ಗೋಡೆ ನೋಡಿ, ಮತ್ತೆ ಬಂದು ಕೂರುವರು. ಮಾತಿಲ್ಲ. ಒಮ್ಮೆ ಮಾತ್ರ ಲೆಂಪಿಗೆ ಜೊಂಪು ಹತ್ತಿ ಹೊತ್ತು ಮೀರಿತು. ಆತ ಗಡಿಯಾರ ನೋಡಿಕೊಂಡ, ಬಾಯಿ ತೆರೆದ, ಮುಚ್ಚಿದ. ಆಮೇಲೆ ಮೂರು ಸಲ, ಒಂದಕ್ಕಿಂತ ಒಂದು ಜೋರಾಗಿ, ಕೆಮ್ಮಿದ. ಲೆಂಪಿ ಎಚ್ಚೆತ್ತು ಎದ್ದು ನಿಂತರು. ಆ ಕೆಮ್ಮಿಗೆ ಅವನು ಎಷ್ಟು ಧೈರ್ಯ ಒಟ್ಟುಮಾಡಿಕೊಂಡಿರಬೇಕೆಂದು ನನಗೀಗ ಗೊತ್ತು.

ಸಿಂಗಪುರದಲ್ಲಿ ಇಳಿದಾಗ ಆತ ಲೆಂಪಿಗೆ ತಲೆಯಾಡಿಸಿದ, ಲೆಂಪಿ ತಲೆಯಾಡಿಸಿದರು, ಆತ ಜನರಲ್ಲಿ ಬೆರೆತುಹೋದ. ಹೆಸರು ಕೇಳಿದೆಯಾ ಎಂದು ಕೇಳುವ ತಪ್ಪನ್ನು ನಾನು ಮಾಡಲಿಲ್ಲ.

ಅವರ ಮುಂದಿನ ವಿಮಾನದ ಬಾಗಿಲಿನ ತನಕ ಜೊತೆಗೆ ಹೋದೆ. ಗಾಜಿನಾಚೆ ಬಿಸಿಲು ಬೇಯುತ್ತಿತ್ತು. ಲೆಂಪಿ ಉದ್ದ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು, ಅಕ್ಕನಿಗೆಂದು ತಂದ ರೈ ಧಾನ್ಯದ ರೊಟ್ಟಿ, ಕಾಫಿಪುಡಿಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ನಿಂತೇ ಇದ್ದರು. ಕೂರುವ ಕುರ್ಚಿಗಳು ಬೇಕಾದಷ್ಟಿದ್ದವು. ಆಗಾಗ ಹಿಮ್ಮಡಿ ಎತ್ತಿ ಇಳಿಸುತ್ತಿದ್ದರು. ಜನರನ್ನು ಒಳಗೆ ಬಿಡತೊಡಗಿದರು. ಏನಾದರೂ ಆಡಿ ಬೀಳ್ಕೊಡಬೇಕಲ್ಲ ಎಂಬ ನಮ್ಮ ಕಡೆಯ ಚಪಲ ನನ್ನನ್ನು ಬಿಡಲಿಲ್ಲ.

"ಲೆಂಪಿ, ಇಷ್ಟು ವರ್ಷ ಆದ್ಮೇಲೆ ಅಕ್ಕನ ಜೊತೆ ಏನೇನು ಮಾತಾಡ್ತೀಯ?"

ಲೆಂಪಿ ಚೀಲ ಎತ್ತಿಕೊಂಡರು.

"ಮಾತಿಗೆ ಫೋನಿದೆ. ನಾನು ಹೋಗ್ತಿರೋದು ಪಕ್ಕದಲ್ಲಿ ಕೂತ್ಕೊಳ್ಳೋಕೆ."